ಓದಿದ ಪುಸ್ತಕ ನೆರೆಮನೆಗೆ

(ಗೂಡಲೂರು ಕಡೆಯ ಎಸ್ಟೇಟ್ ಕಾರ್ಮಿಕ ಕುಟುಂಬಗಳ ತಿಂಗಳ ಕೂಟದಲ್ಲಿ ಉಪದೇಶಿಯೊಬ್ಬರು ಆಡಿದ ಮಾತುಗಳು)



ಬೋನಸ್ಸಿನ ಮಾತು ಆಯಿತು, ಲೈನ್ ಮನೆಗಳ ಸೋರುವ ಮಾಡಿನ ಮಾತೂ ಆಯಿತು. ಉಳಿದ ಅರ್ಧ ಗಂಟೆಯನ್ನು ಕಾರ್ಯದರ್ಶಿಗಳು ನನಗೆ ಕೊಟ್ಟಿದ್ದಾರೆ. ನಾನು ಪುಸ್ತಕದ ವಿಷಯ ಮಾತಾಡುತ್ತೇನೆ. ದಿನವಿಡೀ ಸೊಪ್ಪು ಕಿತ್ತು, ಬೆನ್ನು ನೋಯಿಸಿಕೊಂಡು ಬಂದವರಿಗೆ ಪುಸ್ತಕ ಏತಕ್ಕೆ ಎಂದು ಕೆಲವರ ಮುಖದಲ್ಲಿ ಕಾಣುತ್ತಿದೆ. ಕೊನೆಯವರೆಗೆ ಕೇಳಿ, ಆಮೇಲೆ ತೀರ್ಮಾನ ನಿಮ್ಮದು.

ನಾನು ಹೇಳುವುದು ಒಂದೇ ಸಂಗತಿ. ಓದಿ ಮೆಚ್ಚಿದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಅದನ್ನು ನೆರೆಮನೆಗೆ ಕೊಡಿ. ನೆರೆಯವರು ಓದಿ ಅದರಾಚೆಯ ಮನೆಗೆ ಕೊಡಲಿ.

ಪುಸ್ತಕವೂ ಹಣವೂ ಪರರ ಕೈಗೆ ಹೋದರೆ ಹೋದ ಹಾಗೆಯೇ ಎಂದು ಹಿಂದಿನವರು ಹೇಳುತ್ತಿದ್ದರು. ಅದು ತಾಳೆಗರಿಯ ಕಾಲದ ಮಾತು. ಒಂದು ಪ್ರತಿ ಬರೆಯಲು ತಿಂಗಳುಗಟ್ಟಲೆ ಬೇಕಾಗುತ್ತಿತ್ತು; ಅದು ಕಳೆದರೆ ನಿಜವಾಗಿಯೂ ಕಳೆದಂತೆಯೇ. ಅವರ ಭಯ ನ್ಯಾಯವಾದದ್ದು. ನಮ್ಮ ಕಾಲದ ಭಯ ಬೇರೆ. ನಮ್ಮಲ್ಲಿ ಪುಸ್ತಕ ಹಾಳಾಗುವುದು ಕೈ ಬದಲಾಯಿಸಿದ್ದರಿಂದಲ್ಲ, ಬದಲಾಯಿಸದೆ ಇದ್ದುದರಿಂದ. ಆಷಾಢದ ಮಳೆ, ಮಂಜು, ಗೋಡೆಯ ತೇವ, ಇಷ್ಟು ಸಾಕು. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ಮಳೆಗಾಲ ಕಳೆದ ಪುಸ್ತಕವನ್ನು ತೆಗೆದು ನೋಡಿ. ಹಾಳೆಗೆ ಹಾಳೆ ಅಂಟಿಕೊಂಡು ಬೂಷ್ಟು ಹಿಡಿದಿರುತ್ತದೆ. ಹತ್ತು ಮನೆ ಸುತ್ತಿದ ಪುಸ್ತಕದ ರಟ್ಟು ಕಿತ್ತಿರಬಹುದು, ಆದರೆ ಅದರ ಹಾಳೆ ಒಣಗಿರುತ್ತದೆ.

ಇದು ಗಡಿಯಾಚೆ ಇರುವ ನಮಗೆ ಇನ್ನೂ ಮುಖ್ಯ. ಇಲ್ಲಿಂದ ಮುದುಮಲೆ, ಬಂಡೀಪುರದ ಕಾಡು ದಾಟಿ ಗುಂಡ್ಲುಪೇಟೆಗೆ ಹೋದರೆ ಕನ್ನಡದ ಬೋರ್ಡು ಕಾಣುತ್ತದೆ. ಬೇಕಾದ ಪುಸ್ತಕ ಸಿಗಬೇಕಾದರೆ ಮೈಸೂರಿಗೇ ಹೋಗಬೇಕು. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚಾಯಿತು, ಪುಸ್ತಕದ ಬೆಲೆ ಬೇರೆ. ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು, ಇಂಗ್ಲಿಷ್ ಕಲಿಯುತ್ತಾರೆ. ಕಲಿಯಲಿ, ಅದು ಅವರ ಅನ್ನದ ದಾರಿ. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಕನ್ನಡದ ಅಕ್ಷರ ಎಲ್ಲಿ ಕಾಣಬೇಕು? ಬೀದಿಯಲ್ಲಿ ಇಲ್ಲ, ಬಸ್ಸಿನ ಮೇಲೆ ಇಲ್ಲ, ಶಾಲೆಯಲ್ಲಿ ಇಲ್ಲ. ಉಳಿದದ್ದು ತಾಯಿಯ ಕೈಯ ಪುಸ್ತಕ ಒಂದೇ. ಆ ಪುಸ್ತಕ ಬರುವುದು ಮತ್ತೊಬ್ಬ ತಾಯಿಯ ಕೈಯಿಂದ. ಆ ಕೈ ನಿಂತರೆ ಮುಂದಿನ ತಲೆಮಾರಿಗೆ ಕನ್ನಡ ಬರೀ ಬಾಯಿಮಾತಾಗಿ ಉಳಿಯುತ್ತದೆ. ಅದರ ಮುಂದಿನವರಿಗೆ ಅದೂ ಇಲ್ಲ.

ಓದಿದ್ದನ್ನು ಮುಂದಕ್ಕೆ ಕೊಡಿ ಎಂಬುದು ನಾನು ಕಟ್ಟಿದ ಮಾತಲ್ಲ. ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯನ್ನು ನೋಡಿ. ಈ ಪತ್ರ ನಿಮ್ಮಲ್ಲಿ ಓದಿ ಆದ ಮೇಲೆ ಲವೊದಿಕೀಯದ ಸಭೆಯಲ್ಲಿಯೂ ಓದಿಸಿ, ಅಲ್ಲಿಂದ ಬರುವುದನ್ನು ನೀವೂ ಓದಿರಿ ಎಂದು ಹೇಳುತ್ತಾನೆ. ನಮ್ಮ ಕೈಗೆ ಆ ಪತ್ರಗಳು ಬಂದಿರುವುದು ಹೀಗೆ ಒಂದು ಊರಿನವರು ಇನ್ನೊಂದು ಊರಿಗೆ ಕೊಟ್ಟದ್ದರಿಂದ. ಕೊಲೊಸ್ಸೆಯವರು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರೆ ನಮಗೆ ಏನು ಸಿಗುತ್ತಿತ್ತು?

ನಮ್ಮ ನಾಡಿನ ಮಾತಿಗೆ ಬರುತ್ತೇನೆ. ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಮೊದಲನೆಯ ಸೂತ್ರದ ತಾತ್ಪರ್ಯ, ಪುಸ್ತಕ ಇರುವುದು ಬಳಕೆಗೆ, ಕಾಪಾಡಿ ಇಡುವುದಕ್ಕಲ್ಲ. ಇನ್ನೊಂದು ಸೂತ್ರದ ತಾತ್ಪರ್ಯ, ಪ್ರತಿ ಪುಸ್ತಕಕ್ಕೂ ಅದರ ಓದುಗ ಒಬ್ಬ ಇದ್ದಾನೆ, ಅವನನ್ನು ಹುಡುಕಬೇಕು. ಅದೇ 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟಿತು. ಪಕ್ಕದ ಕೇರಳದಲ್ಲಿ ಪಿ.ಎನ್. ಪಣಿಕ್ಕರ್ ಎಂಬ ಶಾಲಾ ಮೇಷ್ಟ್ರು ತಮ್ಮ ಊರಾದ ನೀಲಂಪೇರೂರಿನಲ್ಲಿ ಓದುವ ಮನೆ ಕಟ್ಟಿದರು. 1945ರಲ್ಲಿ 47 ಹಳ್ಳಿ ವಾಚನಾಲಯಗಳನ್ನು ಸೇರಿಸಿ ತಿರುವಾಂಕೂರು ಗ್ರಂಥಶಾಲಾ ಸಂಘ ಮಾಡಿದರು. ಓದಿ ಬೆಳೆಯಿರಿ ಎಂಬುದು ಅವರ ಕರೆ. 1995ರ ಜೂನ್ 19ರಂದು ಅವರು ತೀರಿಕೊಂಡರು. ಆ ದಿನವನ್ನೇ ಕೇರಳದವರು ವಾಚನ ದಿನವೆಂದು ಆಚರಿಸುತ್ತಾರೆ. ವಯನಾಡಿನಲ್ಲಿರುವ ನಮ್ಮ ಬಂಧುಗಳ ಮಕ್ಕಳು ಶಾಲೆಯಲ್ಲಿ ಇದನ್ನು ನೋಡಿದ್ದಾರೆ. ಇವೆಲ್ಲ ದೊಡ್ಡವರು ಮಾಡಿದ ಕೆಲಸ. ನಮ್ಮ ಕೈಯಲ್ಲಿ ಗಾಡಿ ಇಲ್ಲ, ಎತ್ತಿಲ್ಲ, ಕಟ್ಟಡವಿಲ್ಲ. ಆದರೆ ಮನೆಗೆ ಮನೆ ಅಂಟಿಕೊಂಡಿರುವ ಲೈನು ಇದೆ. ಪುಸ್ತಕ ಕೈ ಬದಲಾಯಿಸಲು ಇದಕ್ಕಿಂತ ಅನುಕೂಲವಾದ ಜಾಗ ಎಲ್ಲಿದೆ?

ಈಗ ಒಂದು ಪುಸ್ತಕದ ಕಥೆ ಹೇಳುತ್ತೇನೆ. ಶಿವರಾಮ ಕಾರಂತರ ‘ಚೋಮನ ದುಡಿ’. 1933ರಲ್ಲಿ ಬಂದ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು; ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣ ಕಮಲ ಬಂತು. ಚೋಮ ಒಬ್ಬ ಜೀತದಾಳು. ಅವನ ಹಟ್ಟಿಯಲ್ಲಿ ಎರಡು ಎತ್ತುಗಳಿವೆ, ಉಳಲು ಭೂಮಿ ಇಲ್ಲ. ಅವನ ಜಾತಿಯವರು ಬೇಸಾಯಗಾರರಾಗುವುದನ್ನು ಊರು ಒಪ್ಪುವುದಿಲ್ಲ. ತಲೆಯ ಮೇಲೆ ಸಾಲವಿದೆ. ಅದನ್ನು ತೀರಿಸಲು ಇಬ್ಬರು ಗಂಡುಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಕ್ರೈಸ್ತ ಹುಡುಗಿಯ ಕೈಹಿಡಿದು ಮನೆಗೆ ಮರಳುವುದಿಲ್ಲ. ಇನ್ನೊಬ್ಬ ಜ್ವರ ಬಂದು ಸಾಯುತ್ತಾನೆ. ಆಮೇಲೆ ಮಗಳು ಬೆಳ್ಳಿ ತೋಟಕ್ಕೆ ಹೊರಡುತ್ತಾಳೆ. ಅಲ್ಲಿ ರೈಟರ್ ಮನ್ವೇಲನ ಕೈಗೆ ಸಿಕ್ಕುತ್ತಾಳೆ. ಚೋಮನ ಸಂಕಟವೆಲ್ಲ ಅವನ ದುಡಿಯಲ್ಲಿ ಬಡಿಯುತ್ತದೆ. ಇಷ್ಟು ಸಾಕು, ಉಳಿದದ್ದನ್ನು ನೀವೇ ಓದಿ.

ಈ ಪುಸ್ತಕದ ಒಂದು ಪ್ರತಿ ನಮ್ಮ ಕಡೆ ಸುತ್ತುತ್ತಿದೆ. ಒಬ್ಬ ಡ್ರೈವರ್ ತಮ್ಮ ಮೈಸೂರಿನಿಂದ ತಂದು, ಓದಿ, ಕಾರ್ಖಾನೆಯ ಒಬ್ಬರಿಗೆ ಕೊಟ್ಟ. ಅವರಿಂದ ಶಿಶುವಿಹಾರದ ಅಕ್ಕನಿಗೆ ಬಂತು. ಆ ಅಕ್ಕ ಅದನ್ನು ಒಬ್ಬಳೇ ಓದಲಿಲ್ಲ. ರಾತ್ರಿ ಊಟವಾದ ಮೇಲೆ ಒಲೆಯ ಮುಂದೆ ಕೂತು ಗಟ್ಟಿಯಾಗಿ ಓದಿದಳು. ಮೊದಲ ದಿನ ನಾಲ್ಕು ಹೆಂಗಸರು, ಮೂರನೆಯ ದಿನ ಜಗಲಿಯಲ್ಲಿ ಜಾಗವಿಲ್ಲ. ಅಕ್ಷರ ಕಲಿಯದ ಒಬ್ಬ ಅಜ್ಜಿ ಬೆಳ್ಳಿಯ ಭಾಗ ಕೇಳಿ, "ಈ ಬೆಳ್ಳಿ ನಮ್ಮ ಕಾಲದಲ್ಲಿ ಲೈನಿಗೆ ಒಬ್ಬಳು ಇದ್ದಳು ಮಗಳೇ, ಬರೆಯುವವರು ಇರಲಿಲ್ಲ" ಎಂದರು. ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲವಂತೆ.

ಮಾರನೆಯ ವಾರ ಆ ಹೆಂಗಸರು ಒಂದು ಕಟ್ಟುಪಾಡು ಮಾಡಿಕೊಂಡರು. ಮುಂಗಡ ಕೇಳಲಿಕ್ಕೆ, ಹಾಜರಿ ತಪ್ಪಿದ್ದನ್ನು ಕೇಳಲಿಕ್ಕೆ, ಯಾವ ಹುಡುಗಿಯೂ ಆಫೀಸಿನ ಕೋಣೆಗೆ ಒಬ್ಬಳೇ ಹೋಗಕೂಡದು. ಜೊತೆಗೆ ಒಬ್ಬ ದೊಡ್ಡವಳು ಹೋಗಬೇಕು. ಈ ಮಾತನ್ನು ಸಂಘದಲ್ಲಿ ನಾವು ಎಷ್ಟೋ ಸಲ ಹೇಳಿದ್ದೆವು. ಕೇಳಿ ತಲೆಯಾಡಿಸಿ ಹೋಗುತ್ತಿದ್ದರು. ಬೆಳ್ಳಿಯ ಕಥೆ ಕೇಳಿದ ಮೇಲೆ ಅದು ಅವರದೇ ತೀರ್ಮಾನವಾಯಿತು. ಹಾಗೆಯೇ ಚೋಮನ ತೀರದ ಸಾಲವನ್ನು ಕೇಳಿದ ಒಬ್ಬ ತಂದೆ ತನ್ನ ಸಾಲದ ಕಂತಿನ ಪುಸ್ತಕವನ್ನು ಹಿಡಿದುಕೊಂಡು ಬಂದು, "ಇದರಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು, ಓದಿ ಹೇಳಿ" ಎಂದು ಕೇಳಿದ. ಒಂದು ಪುಸ್ತಕ ಕೈ ಬದಲಾಯಿಸಿದ್ದರಿಂದ ಇಷ್ಟು ಆಯಿತು.

ಆದರೆ ಒಬ್ಬ ಹಿರಿಯರು ನನ್ನನ್ನು ಕರೆದು ಕೇಳಿದರು: "ಉಪದೇಶಿಗಳೇ, ಆ ಪುಸ್ತಕದಲ್ಲಿ ಕೆಟ್ಟ ಕೆಲಸ ಮಾಡುವ ರೈಟರನ ಹೆಸರು ನಮ್ಮವರ ಹೆಸರು. ಇದನ್ನು ನಮ್ಮ ಮನೆಗಳಲ್ಲಿ ಹಂಚುವುದು ಸರಿಯೇ?" ಅವರ ನೋವು ಸುಳ್ಳಲ್ಲ, ಅದಕ್ಕೆ ಉತ್ತರ ಕೊಡಬೇಕು. ನಾನು ಅವರಿಗೆ ದಾವೀದ ಅರಸನ ಸಂಗತಿ ನೆನಪಿಸಿದೆ. ಊರೀಯನ ಹೆಂಡತಿಯ ವಿಷಯದಲ್ಲಿ ದಾವೀದನು ಮಾಡಿದ್ದನ್ನು ನಮ್ಮ ಬೈಬಲ್ ಮುಚ್ಚಿಡಲಿಲ್ಲ. ಪ್ರವಾದಿ ನಾತಾನನು ಅರಸನ ಮುಂದೆ ನಿಂತು ನೇರವಾಗಿ ಬೈಯಲಿಲ್ಲ, ಒಂದು ಕಥೆ ಹೇಳಿದನು. ಒಬ್ಬ ಬಡವ, ಅವನಿಗೆ ಒಂದೇ ಒಂದು ಕುರಿಮರಿ, ಅದನ್ನು ಕಿತ್ತುಕೊಂಡ ಒಬ್ಬ ಐಶ್ವರ್ಯವಂತ. ಕಥೆ ಕೇಳಿದ ದಾವೀದನಿಗೆ ಕೋಪ ಬಂತು. ಆಮೇಲೆ ಆ ಮನುಷ್ಯ ತಾನೇ ಎಂದು ತಿಳಿಯಿತು. ಒಳ್ಳೆಯ ಪುಸ್ತಕ ಮಾಡುವುದು ನಾತಾನನ ಕೆಲಸ. ನಮ್ಮವರನ್ನು ಹೊಗಳುವ ಪುಸ್ತಕವನ್ನು ಮಾತ್ರ ಹಂಚುತ್ತೇವೆ ಎಂದರೆ ನಾತಾನನನ್ನು ಬಾಗಿಲಲ್ಲೇ ತಡೆದ ಹಾಗೆ. ಆ ಹಿರಿಯರು ಪುಸ್ತಕ ತೆಗೆದುಕೊಂಡು ಹೋಗಿದ್ದಾರೆ. ಒಪ್ಪಿದ್ದೇನೆ ಎಂದು ಇನ್ನೂ ಹೇಳಿಲ್ಲ. ಓದುತ್ತಿದ್ದಾರೆ, ಅಷ್ಟು ಸಾಕು.

ಕನ್ನಡದವರು ಕನ್ನಡದವರಿಗೆ ಮಾತ್ರ ಕೊಡಬೇಕೆಂದೂ ಇಲ್ಲ. ನಮ್ಮ ಲೈನಿನಲ್ಲಿ ತಮಿಳು ಮನೆಗಳಿವೆ. ಆನೆಮಲೆಯ ಟೀ ತೋಟಗಳಲ್ಲಿ ವೈದ್ಯರಾಗಿದ್ದು, ಕಾರ್ಮಿಕರಿಗಾಗಿ ಸಂಘ ಕಟ್ಟಿದ ಪಿ.ಎಚ್. ಡೇನಿಯಲ್ ಎಂಬುವರು 1969ರಲ್ಲಿ ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿ ಬರೆದರು. ಅದು ತಮಿಳಿನಲ್ಲಿ ‘ಎರಿಯುಂ ಪನಿಕ್ಕಾಡು’ ಎಂದು ಬಂದಿದೆ. ಬ್ರಿಟಿಷರ ಕಾಲದಲ್ಲಿ ಆಸೆ ತೋರಿಸಿ ಕೂಲಿಗಳನ್ನು ಬೆಟ್ಟಕ್ಕೆ ಹತ್ತಿಸಿದ ಕಥೆ ಅದರಲ್ಲಿದೆ. 2013ರಲ್ಲಿ ಬಂದ ‘ಪರದೇಸಿ’ ಎಂಬ ತಮಿಳು ಸಿನಿಮಾಕ್ಕೆ ಅದೇ ಆಧಾರ. ತಮಿಳು ಓದಬಲ್ಲ ನಮ್ಮ ಮಕ್ಕಳು ಅದನ್ನು ಪಕ್ಕದ ಮನೆಯಿಂದ ತಂದು ನಮಗೆ ಓದಿ ಹೇಳಲಿ. ನಾವು ಚೋಮನ ಕಥೆಯನ್ನು ಅವರಿಗೆ ಹೇಳೋಣ. ಸಂಬಳದ ದಿನ ಒಂದೇ ಸಾಲಿನಲ್ಲಿ ನಿಲ್ಲುವವರು ಒಬ್ಬರ ಕಥೆಯನ್ನು ಒಬ್ಬರು ತಿಳಿದಿರಬೇಡವೇ?

ಇನ್ನು ಕೊಡುವ ಕ್ರಮದ ಬಗ್ಗೆ ಐದು ಮಾತು.

ಒಂದನೆಯದು: ಮೆಚ್ಚಿದ್ದನ್ನೇ ಕೊಡಿ. ಹಬ್ಬದ ದಿನ ನೆರೆಮನೆಗೆ ಹಳಸಿದ್ದನ್ನು ಕಳಿಸುತ್ತೇವೆಯೇ? ಬೇಡವಾದ ಪುಸ್ತಕವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ದಾನವಲ್ಲ.

ಎರಡನೆಯದು: ಕೊಡುವಾಗ ಒಂದು ಮಾತು ಸೇರಿಸಿ ಕೊಡಿ. "ಅಕ್ಕಾ, ಇದರಲ್ಲಿ ಆ ತಾಯಿಯ ಭಾಗ ಓದುವಾಗ ನಿಮ್ಮ ನೆನಪಾಯಿತು" ಎಂದರೆ ಸಾಕು, ಆ ಅಕ್ಕ ಓದುತ್ತಾಳೆ. ಕೊನೆ ಏನಾಯಿತೆಂದು ಮಾತ್ರ ಹೇಳಬೇಡಿ.

ಮೂರನೆಯದು: ಸಾಲವಾಗಿ ಕೊಡಬೇಡಿ, ಕೊಟ್ಟೇಬಿಡಿ. ಹಿಂದಕ್ಕೆ ಕೇಳಿ ನೆರೆಹೊರೆಯಲ್ಲಿ ಮನಸ್ತಾಪ ಆಗುವುದು ಬೇಡ. ಒಂದೇ ಷರತ್ತು ಹಾಕಿ: ಒಂದು ತಿಂಗಳೊಳಗೆ ಮುಂದಿನವರಿಗೆ ಕೊಡಬೇಕು. ಓದಿ ಮುಗಿಯದಿದ್ದರೂ ನಾಚಿಕೆ ಬೇಡ, ಕೊಡಿ. ಮತ್ತೊಂದು ಸುತ್ತಿನಲ್ಲಿ ಬರುತ್ತದೆ. ಕೊನೆಯ ಖಾಲಿ ಹಾಳೆಯಲ್ಲಿ ಓದಿದವರು ಹೆಸರು, ತಿಂಗಳು ಬರೆಯಲಿ. ಓದಿಸಿಕೊಂಡು ಕೇಳಿದವರ ಹೆಸರೂ ಅಲ್ಲಿ ಬರಲಿ. ಆ ಅಜ್ಜಿಯ ಹೆಸರು ನಮ್ಮ ಪ್ರತಿಯಲ್ಲಿದೆ. ಪಕ್ಕದಲ್ಲಿ ಮೊಮ್ಮಗಳು ಅವರ ಹೆಬ್ಬೆಟ್ಟು ಒತ್ತಿಸಿದ್ದಾಳೆ.

ನಾಲ್ಕನೆಯದು: ರಟ್ಟು ಹಾಕಿ. ಕಿತ್ತ ಹಾಳೆಗೆ ಮೈದಾ ಅಂಟು ಬಳಿದರೆ ಜಿರಲೆ ಬರುತ್ತದೆ, ಸೂಜಿದಾರದಿಂದ ಹೊಲಿಯಿರಿ. ಮಳೆಗಾಲದಲ್ಲಿ ಒಲೆಗೂಡಿನ ಹತ್ತಿರ, ಹೊಗೆ ಮಸಿ ತಾಗದ ಹಾಗೆ ಇಡಿ. ಗೊಬ್ಬರದ, ಔಷಧಿಯ ಚೀಲದಲ್ಲಿ ಮಾತ್ರ ಸುತ್ತಬೇಡಿ. ಅದೇ ಹಾಳೆಯನ್ನು ಮಕ್ಕಳು ಬೆರಳು ನೆಕ್ಕಿ ತಿರುವುತ್ತಾರೆ.

ಐದನೆಯದು: ಎಲ್ಲ ಪುಸ್ತಕವೂ ಕೊಡುವಂಥದ್ದಲ್ಲ. ಬ್ಯಾಂಕಿನ ಪಾಸ್‌ಬುಕ್ಕು, ರೇಷನ್ ಕಾರ್ಡು, ಪಿ.ಎಫ್. ಕಾಗದ, ಇವನ್ನು ಅಳಿಯ ಕೇಳಿದರೂ ಕೊಡಬೇಡಿ. ಇವುಗಳಿಗೆ ಪೆಟ್ಟಿಗೆಯೇ ಸರಿಯಾದ ಜಾಗ.

ಕೊನೆಯದಾಗಿ ನಿವೃತ್ತಿ ಹತ್ತಿರವಿರುವ ಅಣ್ಣಂದಿರಿಗೆ, ಅಕ್ಕಂದಿರಿಗೆ ಒಂದು ಕೋರಿಕೆ. ಕೆಲಸ ಮುಗಿದ ಮೇಲೆ ಲೈನ್ ಮನೆ ನಮ್ಮದಲ್ಲ. ಕೆಲವರು ಊರಿಗೆ, ಕೆಲವರು ಕೊಯಮತ್ತೂರು, ತಿರುಪ್ಪೂರಿನಲ್ಲಿರುವ ಮಕ್ಕಳ ಮನೆಗೆ ಹೋಗುತ್ತೀರಿ. ಪಾತ್ರೆ ಪಗಡೆ ಕಟ್ಟುವಾಗ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಬೇಡಿ. ನೀವು ಹೆಚ್ಚು ಇಷ್ಟಪಟ್ಟ ಒಂದು ಪುಸ್ತಕವನ್ನಾದರೂ ನಿಮ್ಮ ಹೆಸರು ಬರೆದು ಈ ಲೈನಿನಲ್ಲಿ ಬಿಟ್ಟು ಹೋಗಿ. ಮೂವತ್ತು ವರ್ಷ ಇಲ್ಲಿ ಬದುಕಿದ ನಿಮ್ಮ ಹೆಸರು ಚೆಕ್‌ರೋಲಿನಲ್ಲಿ ಉಳಿಯುವುದಿಲ್ಲ. ಆ ಹಾಳೆಯಲ್ಲಿ ಉಳಿಯುತ್ತದೆ.

ಮುಂದಿನ ತಿಂಗಳ ಕೂಟಕ್ಕೆ ಬರುವಾಗ ಮನೆಗೊಂದು ಪುಸ್ತಕ ತನ್ನಿ. ಇಲ್ಲದವರು ಬರಿಗೈಯಲ್ಲೇ ಬನ್ನಿ, ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ಚಾಪೆಯ ಮೇಲೆ ಹರಡಿ ಇಡೋಣ, ಯಾರಿಗೆ ಯಾವುದು ಬೇಕೋ ತೆಗೆದುಕೊಳ್ಳಲಿ. ಓದಲು ಬಾರದವರ ಮನೆಗೆ ಯಾರು ಹೋಗಿ ಓದುವುದು ಎಂಬುದನ್ನು ಅಂದೇ ಗೊತ್ತು ಮಾಡೋಣ.