ಊರಿನಿಂದ ಪಡೆದ ವಿದ್ಯೆ ಊರಿಗೆ ಮರಳಲಿ

(ಕಾಲೇಜು ವಿದ್ಯಾರ್ಥಿಗಳ ಪರಿಸರ ಅಧ್ಯಯನ ಶಿಬಿರದ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹರೂಪ)



ಮೂರು ದಿನಗಳಿಂದ ನೀವು ಈ ಊರಿನ ಹಳ್ಳ, ಸೊಪ್ಪಿನಬೆಟ್ಟ, ಅಡಿಕೆ ತೋಟಗಳಲ್ಲಿ ಸುತ್ತಾಡಿದ್ದೀರಿ. ಹಿರಿಯರನ್ನು ಕೇಳಿ ಮರಗಿಡಗಳ ಹೆಸರನ್ನು ಬರೆದುಕೊಂಡಿದ್ದೀರಿ. ಆ ಬರಹ ನಾಳೆ ಯಾರ ಕೈ ಸೇರುತ್ತದೆ? ಇಂದು ನಾನು ಹೇಳಬೇಕೆಂದಿರುವುದು ಈ ಒಂದು ಪ್ರಶ್ನೆಯ ಕುರಿತಾಗಿ.

ಹಲವು ವರ್ಷಗಳ ಹಿಂದೆ ವಿಶ್ವವಿದ್ಯಾಲಯವೊಂದರ ಸಂಶೋಧಕರು ನಮ್ಮೂರಿಗೆ ಬಂದಿದ್ದರು. ಉಪ್ಪಾಗೆ, ಮುರುಗಲು, ದಾಲ್ಚಿನ್ನಿ ಮರಗಳ ಬಗ್ಗೆ ಮನೆಮನೆಯಲ್ಲೂ ವಿಚಾರಿಸಿದರು. ಕಾಡನ್ನು ಚೆನ್ನಾಗಿ ಬಲ್ಲ ಅಜ್ಜಿಯೊಬ್ಬರು ಎರಡು ದಿನ ಅವರೊಡನೆ ನಡೆದು ಎಲ್ಲವನ್ನೂ ತೋರಿಸಿದರು. 'ಆ ಮಕ್ಕಳು ಬರೆದದ್ದು ಏನಾಯಿತು?' ಎಂದು ಅಜ್ಜಿ ಕಡೆಯವರೆಗೂ ಕೇಳುತ್ತಿದ್ದರು. ಉತ್ತರ ಬರಲೇ ಇಲ್ಲ. ಆ ಸಂಶೋಧಕರು ಕೆಟ್ಟವರಲ್ಲ. ಮರಳಿ ಬಂದು ಹೇಳುವುದೂ ವಿದ್ಯೆಯ ಒಂದು ಭಾಗವೆಂದು ಅವರಿಗೆ ಯಾರೂ ಕಲಿಸಿರಲಿಲ್ಲ, ಅಷ್ಟೇ.

ವಿಶ್ವವಿದ್ಯಾಲಯಗಳು ಯಾರಿಗೂ ಲೆಕ್ಕ ಕೊಡುವುದಿಲ್ಲವೆಂದಲ್ಲ. ಅನುದಾನ ಆಯೋಗಕ್ಕೆ ಕೊಡುತ್ತವೆ. 1994ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತಿಗೂ ಕೊಡುತ್ತವೆ. ಎಷ್ಟು ಪ್ರಬಂಧ, ಎಷ್ಟು ಡಾಕ್ಟರೇಟ್ ಎಂಬ ಎಣಿಕೆ ಅಲ್ಲಿ ನಡೆಯುತ್ತದೆ. ಆದರೆ ತೆರಿಗೆ ಕೊಟ್ಟವರಿಗೆ, ಕಾಡಿನ ದಾರಿ ತೋರಿಸಿದವರಿಗೆ ಕೊಡಬೇಕಾದ ಲೆಕ್ಕದ ಪುಟ ಮಾತ್ರ ಖಾಲಿ ಉಳಿದಿದೆ.

ಇದರ ನಷ್ಟ ಎಷ್ಟೆಂಬುದನ್ನು ಮಲೆನಾಡು ಕಂಡಿದೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮಘಟ್ಟ ತಜ್ಞರ ಸಮಿತಿ 2011ರಲ್ಲಿ ಕೇಂದ್ರ ಸರ್ಕಾರಕ್ಕೆ ವರದಿ ಸಲ್ಲಿಸಿತು. ಮಾಹಿತಿ ಹಕ್ಕಿನಡಿ ಹೋರಾಟ ನಡೆದು, ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲೆ, 2012ರಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ದೊರೆತದ್ದು ಇಂಗ್ಲಿಷಿನಲ್ಲಿ. ಅದರ ತಿರುಳು ಕನ್ನಡದಲ್ಲಿ ನಮ್ಮ ಹಳ್ಳಿಗಳಿಗೆ ಮುಟ್ಟುವ ಮೊದಲೇ, 'ನಿಮ್ಮನ್ನು ಒಕ್ಕಲೆಬ್ಬಿಸುತ್ತಾರೆ' ಎಂಬ ವದಂತಿ ಮುಟ್ಟಿತು. ಯಾವ ಕ್ರಮ ಕೈಗೊಳ್ಳಬೇಕೆಂಬುದನ್ನು ಗ್ರಾಮಸಭೆಗಳೊಂದಿಗೆ ಚರ್ಚಿಸಿಯೇ ನಿರ್ಧರಿಸಬೇಕು ಎಂಬುದು ಆ ವರದಿಯ ಆಶಯವಾಗಿತ್ತು. ಅದನ್ನು ಊರೂರಿಗೆ ತಂದು ಓದಿ ಹೇಳುವುದು ನಮ್ಮ ಭಾಗದ ವಿಶ್ವವಿದ್ಯಾಲಯಗಳ ಕೆಲಸವಾಗಬೇಕಿತ್ತು. ವರದಿಯನ್ನು ಒಪ್ಪಬೇಕೋ ತಿರಸ್ಕರಿಸಬೇಕೋ ಎಂಬುದು ಜನರಿಗೆ ಬಿಟ್ಟ ವಿಚಾರ. ತಿಳಿದು ನಿರ್ಧರಿಸುವ ಅವಕಾಶವೇ ಅವರಿಗೆ ಸಿಗದೆ ಹೋಯಿತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಬೇಡ್ತಿ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿಯ ತೋಟಗಾರರ ಸಹಕಾರಿ ಸಂಸ್ಥೆಯೇ ವಿದ್ವಾಂಸರನ್ನು ಕರೆದು, ಯೋಜನೆಯ ಲಾಭನಷ್ಟಗಳ ಪರಿಶೀಲನೆಗೆ ಮುಂದಾಯಿತು. 1981ರಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ನಡೆಯಿತು. ವಿಜ್ಞಾನಿಯೂ ರೈತನೂ ಒಂದೇ ಚಾಪೆಯ ಮೇಲೆ ಕುಳಿತದ್ದರಿಂದ ಜನರ ವಿರೋಧಕ್ಕೆ ಅಂಕಿಅಂಶಗಳ ಬಲ ಬಂತು. ಯೋಜನೆ ಅಂದು ಮುಂದೆ ಸಾಗಲಿಲ್ಲ. ಅದಕ್ಕೂ ಹಿಂದೆ, ಮೈಸೂರು ವಿಶ್ವವಿದ್ಯಾಲಯ ತನ್ನ ಅಧ್ಯಾಪಕರ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಸಣ್ಣ ಪುಸ್ತಕಗಳಾಗಿ ಕನ್ನಡದಲ್ಲಿ ಪ್ರಕಟಿಸಿತ್ತು. ಹೊಸದಾಗಿ ಏನನ್ನೂ ನಾವು ಬೇಡುತ್ತಿಲ್ಲ.

ಕಾನೂನನ್ನೂ ಒಮ್ಮೆ ನೋಡೋಣ. ಸಾರ್ವಜನಿಕ ಅಹವಾಲು ಕಡ್ಡಾಯವಾಗಿರುವ ಯೋಜನೆಗಳ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕೆಂದು 2006ರ ಅಧಿಸೂಚನೆ ವಿಧಿಸಿದೆ. ಗಣಿ ತೋಡುವವನಿಗೆ ಇರುವ ಈ ಕಟ್ಟಳೆ ಜ್ಞಾನ ಹುಡುಕುವವರಿಗೆ ಬೇಡವೇ?

ಆದ್ದರಿಂದ ನಮ್ಮ ಒತ್ತಾಯ ಮೂರು. ಒಂದು, ಹಳ್ಳಿಗಳಲ್ಲಿ ನಡೆಸಿದ ಪ್ರತಿ ಅಧ್ಯಯನದ ಸಾರಾಂಶ ಕನ್ನಡದಲ್ಲಿ ಆಯಾ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಬರಬೇಕು. ಎರಡು, ತಿಳಿವಳಿಕೆ ಕೊಟ್ಟವರು ಒಪ್ಪಿದರೆ ಅವರ ಹೆಸರು ಪ್ರಬಂಧದಲ್ಲಿ ಇರಬೇಕು. ಮೂರು, ಯೋಜನೆಗಳಿಗೆ ಅಧ್ಯಾಪಕರು ವರದಿ ಬರೆದುಕೊಟ್ಟಾಗ ಅದಕ್ಕೆ ಹಣ ಕೊಟ್ಟವರು ಯಾರೆಂದು ಬಹಿರಂಗವಾಗಬೇಕು. ಸರ್ಕಾರಿ ವಿಶ್ವವಿದ್ಯಾಲಯಗಳು 2005ರ ಮಾಹಿತಿ ಹಕ್ಕು ಕಾಯ್ದೆಗೆ ಒಳಪಟ್ಟಿವೆ ಎಂಬುದನ್ನು ಊರಿನವರು ಮರೆಯಬಾರದು.

ಕೇಳದ ಊರಿಗೆ ಯಾರೂ ಲೆಕ್ಕ ಒಪ್ಪಿಸುವುದಿಲ್ಲ. ನಾವೂ ಕೇಳದೆ ಕುಳಿತದ್ದುಂಟು. ಸಂಶೋಧಕರು ಬಂದಾಗ ಕಾಫಿ ಕೊಡೋಣ, ದಾರಿ ತೋರಿಸೋಣ. ಜೊತೆಗೆ 'ಮರಳಿ ಯಾವಾಗ ಬರುತ್ತೀರಿ?' ಎಂದೂ ಕೇಳೋಣ.

ವಿದ್ಯಾರ್ಥಿ ಮಿತ್ರರೇ, ವಿಶ್ವವಿದ್ಯಾಲಯ ಬದಲಾಗಲೆಂದು ನೀವು ಕಾಯಬೇಕಿಲ್ಲ. ಈ ಮೂರು ದಿನಗಳಲ್ಲಿ ಬರೆದುಕೊಂಡದ್ದನ್ನು ಮಳೆಗಾಲಕ್ಕೆ ಮೊದಲು ಶುದ್ಧಪ್ರತಿ ಮಾಡಿ, ಒಂದು ಪ್ರತಿಯನ್ನು ಇದೇ ಶಾಲೆಯ ಕಪಾಟಿನಲ್ಲಿ ಇಡಿ. ತಪ್ಪಿದ್ದರೆ ಊರಿನವರು ತಿದ್ದುತ್ತಾರೆ. ಆ ಅಜ್ಜಿಗೆ ನಾವು ಕೊಡಲಾಗದೆ ಹೋದ ಉತ್ತರ ಅಲ್ಲಿಂದ ಆರಂಭವಾಗಲಿ.