ಶ್ರೀರಂಗಪಟ್ಟಣದಲ್ಲಿ ಕದ್ದ ವಜ್ರ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸರದಿಯಂತೆ ನಡೆಯುವ ಈ ಉಪನ್ಯಾಸ ಮಾಲೆಯಲ್ಲಿ ರತ್ನಾಕರವರ್ಣಿಯ ಬಗ್ಗೆಯೋ ಪಂಜೆ ಮಂಗೇಶರಾಯರ ಬಗ್ಗೆಯೋ ಮಾತಾಡುವುದು ವಾಡಿಕೆ. ನಾನು ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿಯ ಪಾತ್ರಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಬೇಡ ಎನ್ನಲಿಲ್ಲ, ಸ್ವಲ್ಪ ಹೊತ್ತು ಸುಮ್ಮನಿದ್ದರು ಅಷ್ಟೆ. ಅವರ ಅನುಮಾನ ಸಹಜ. ಆದರೆ ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದ ಮೂನ್‌ಸ್ಟೋನ್’ ಶುರುವಾಗುವುದು ಲಂಡನ್ನಿನಲ್ಲಲ್ಲ. ನಮ್ಮ ಶ್ರೀರಂಗಪಟ್ಟಣದಲ್ಲಿ, 1799ರ ಮೇ 4ರಂದು, ಟಿಪ್ಪು ಬಿದ್ದ ದಿನ.

ಆ ದಿನಕ್ಕೂ ಈ ಸೀಮೆಗೂ ಇರುವ ನಂಟು ನಿಮಗೆ ಗೊತ್ತೇ ಇದೆ. ಟಿಪ್ಪು 1794ರಲ್ಲಿ ತಾಯಿ ಜಮಾಲಾಬಿಯ ಹೆಸರಿನಲ್ಲಿ ಕಟ್ಟಿಸಿದ ಬೆಳ್ತಂಗಡಿಯ ಗಡಾಯಿಕಲ್ಲಿನ ಕೋಟೆ ಅದೇ 1799ರಲ್ಲಿ ಕಂಪೆನಿಯ ಕೈಸೇರಿತು. ಕೆನರಾ ಪೂರ್ತಿ ಅವರದಾಯಿತು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ನಮ್ಮ ಅಜ್ಜಂದಿರ ಅಜ್ಜಂದಿರು ಯಾರಿಗೆ ಕಂದಾಯ ಕಟ್ಟಬೇಕು ಎಂಬುದನ್ನು ನಿರ್ಧರಿಸಿದ ಯುದ್ಧವೇ ಕಾಲಿನ್ಸನ ಕಥೆಯ ಮೊದಲ ಪುಟದಲ್ಲಿದೆ.

ಕಥೆಯ ವಜ್ರ ಕಲ್ಪಿತ. ಸೋಮನಾಥದ ಚಂದ್ರದೇವರ ಹಣೆಯಲ್ಲಿದ್ದದ್ದು, ಘಜ್ನಿಯ ದಾಳಿಯಲ್ಲಿ ತಪ್ಪಿಸಿಕೊಂಡು ಕಾಶಿ ಸೇರಿದ್ದು, ಮೊಗಲರ ಕಾಲದಲ್ಲಿ ಕದ್ದುಹೋಗಿ ಕೊನೆಗೆ ಟಿಪ್ಪುವಿನ ಕಠಾರಿಯ ಹಿಡಿಗೆ ಬಂದದ್ದು. ಸೋಮನಾಥದಲ್ಲಿರುವುದು ಶಿವಲಿಂಗ, ನಾಲ್ಕು ಕೈಯ ಚಂದ್ರನ ಮೂರ್ತಿಯಲ್ಲ. ಭಾರತಕ್ಕೆ ಕಾಲಿಡದೆ ಪುಸ್ತಕ ಓದಿ ಬರೆದವನಿಗೆ ಅಷ್ಟು ರಿಯಾಯಿತಿ ಕೊಡೋಣ. ಕೋಟೆಯ ಆಯುಧಶಾಲೆಗೆ ಜಾನ್ ಹರ್ನ್‌ಕಾಸಲ್ ಎಂಬ ಅಧಿಕಾರಿ ನುಗ್ಗುತ್ತಾನೆ. ವಜ್ರವನ್ನು ಕಾಯುತ್ತಿದ್ದ ಮೂವರು ಹಿಂದೂಗಳು ಸಾಯುತ್ತಾರೆ, ಕೊನೆಯವನು ಶಾಪ ಹಾಕಿ ಸಾಯುತ್ತಾನೆ. ಇದನ್ನು ನಮಗೆ ಹೇಳುವವನು ಹರ್ನ್‌ಕಾಸಲನ ದಾಯಾದಿಯೇ. ರಕ್ತ ಸುರಿಯುವ ಕಠಾರಿ ಹಿಡಿದು ನಿಂತವನನ್ನು ನೋಡಿದ್ದಾನೆ, ಕೊಲ್ಲುವುದನ್ನು ಕಣ್ಣಾರೆ ಕಂಡಿಲ್ಲ. ಹಾಗಾಗಿ ದೂರು ಕೊಡುವುದಿಲ್ಲ, ಮನೆಯವರಿಗೆ ಪತ್ರ ಬರೆದು ಸುಮ್ಮನಾಗುತ್ತಾನೆ. ಇಡೀ ಕಾದಂಬರಿಯ ಬೀಗದ ಕೈ ಈ ಸುಮ್ಮನಾಗುವಿಕೆಯಲ್ಲಿದೆ ಎಂದು ನನ್ನ ಅಭಿಪ್ರಾಯ.

ಹರ್ನ್‌ಕಾಸಲ್ ಸಾಯುವಾಗ ವಜ್ರವನ್ನು ತಂಗಿಯ ಮಗಳು ರೇಚಲ್ ವೆರಿಂಡರಳಿಗೆ, ಅವಳ ಹದಿನೆಂಟನೆಯ ಹುಟ್ಟುಹಬ್ಬಕ್ಕೆಂದು ಬರೆದಿಡುತ್ತಾನೆ. 1848ರ ಜೂನ್ 21ರಂದು ಯಾರ್ಕ್‌ಷೈರಿನ ಮನೆಯಲ್ಲಿ ಅದು ಅವಳ ಕೈಗೆ ಬರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಕಳ್ಳ ಯಾರೆಂದು ನಾನು ಹೇಳಿಯೇ ಹೇಳುತ್ತೇನೆ. ನೂರೈವತ್ತು ವರ್ಷ ದಾಟಿದ ಗುಟ್ಟನ್ನು ಕಾಯುವುದರಲ್ಲಿ ಅರ್ಥವಿಲ್ಲ ಮಾರಾಯ್ರೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮ ತಲೆಮಾರಿಗೆ ಪತ್ತೇದಾರಿ ಕಾದಂಬರಿ ಎಂದರೆ ಪತ್ತೇದಾರನ ಕಥೆ. ಅವನು ಬಂದರೆ ಕಥೆಗೆ ಜೀವ ಬರುತ್ತದೆ. ಕಾಲಿನ್ಸ್ ಬರೆಯುವಾಗ ಷರ್ಲಾಕ್ ಹೋಮ್ಸ್ ಹುಟ್ಟಲು ಇನ್ನೂ ಹತ್ತೊಂಬತ್ತು ವರ್ಷ ಇತ್ತು. ಹಾಗಾಗಿ ಅವನ ಸಾರ್ಜೆಂಟ್ ಕಫ್ ನಾಯಕನೂ ಅಲ್ಲ, ಸರ್ವಜ್ಞನೂ ಅಲ್ಲ. ನರೆತ ತಲೆ, ಕತ್ತಿಯಲಗಿನಂಥ ತೆಳು ಮುಖ, ಪಾದ್ರಿಯಂತೆ ಕಪ್ಪು ಉಡುಪು, ಗುಲಾಬಿ ಗಿಡಗಳ ಹುಚ್ಚು. ಕಳ್ಳತನದ ಮನೆಗೆ ಬಂದು ಮೊದಲು ತೋಟದ ಮಾಲಿಯ ಹತ್ತಿರ ಗುಲಾಬಿ ಪಾತಿಗಳ ನಡುವಿನ ದಾರಿಗೆ ಹುಲ್ಲು ಹಾಸಬೇಕೋ ಜಲ್ಲಿ ಹಾಕಬೇಕೋ ಎಂದು ಜಗಳ ತೆಗೆಯುತ್ತಾನೆ. ರೇಚಲಳ ಕೋಣೆಯ ಬಾಗಿಲಿಗೆ ಬಳಿದ ಹಸಿ ಬಣ್ಣ ಒಂದು ಕಡೆ ಒರೆಸಿಹೋದದ್ದನ್ನು ಸ್ಥಳೀಯ ಪೊಲೀಸರು ಕ್ಷುಲ್ಲಕ ಎಂದು ಬಿಟ್ಟಿರುತ್ತಾರೆ; ಆ ಕಲೆ ಯಾರ ಬಟ್ಟೆಗೆ ತಗಲಿದೆ ಎಂದು ಹುಡುಕಬೇಕು ಎನ್ನುವವನು ಕಫ್. ಅಷ್ಟರವರೆಗೆ ಸರಿ. ಆಮೇಲೆ ರೇಚಲಳೇ ಸಾಲ ತೀರಿಸಲು ತನ್ನ ವಜ್ರ ತಾನೇ ಬಚ್ಚಿಟ್ಟಿದ್ದಾಳೆ ಎಂದು ತೀರ್ಮಾನಿಸಿ ಪೂರ್ತಿ ದಾರಿ ತಪ್ಪುತ್ತಾನೆ. ಸಂಬಳ ತೆಗೆದುಕೊಂಡು ಗುಲಾಬಿ ಬೆಳೆಸಲು ಹೊರಟುಹೋಗುತ್ತಾನೆ. ಕಫ್‌ಗೆ ಮಾದರಿಯಾದವನು ಸ್ಕಾಟ್ಲೆಂಡ್ ಯಾರ್ಡಿನ ಜೊನಾಥನ್ ವಿಚರ್. 1860ರ ರೋಡ್ ಹಿಲ್ ಮನೆಯ ಕೊಲೆ ಪ್ರಕರಣದಲ್ಲಿ ಮನೆಯ ಮಗಳನ್ನೇ ಅನುಮಾನಿಸಿದನೆಂದು ಆತನ ಹೆಸರು ಹಾಳಾಗಿತ್ತು. ಐದು ವರ್ಷದ ನಂತರ ಆಕೆಯೇ ತಪ್ಪೊಪ್ಪಿಕೊಂಡಳು. ನಿಜ ಜೀವನದಲ್ಲಿ ಸರಿಯಾಗಿದ್ದವನನ್ನು ಕಾದಂಬರಿಯಲ್ಲಿ ತಪ್ಪಿಸಿದ್ದು ಕಾಲಿನ್ಸನ ತುಂಟತನ.

ಹಾಗಾದರೆ ಪತ್ತೆ ಮಾಡುವವರು ಯಾರು? ಕಾಲಿನ್ಸ್ ವಕೀಲಿ ಓದಿದವನು. ಕಥೆಯನ್ನು ಸಾಕ್ಷಿಗಳ ಹೇಳಿಕೆಯ ಹಾಗೆ ಜೋಡಿಸಿದ್ದಾನೆ. ಒಬ್ಬೊಬ್ಬರೂ ತಾವು ಕಂಡಷ್ಟನ್ನೇ ಹೇಳಬೇಕು, ಕೇಳಿದ್ದನ್ನು ಸೇರಿಸುವಂತಿಲ್ಲ. ಬಂಟ್ವಾಳದ ಕೋರ್ಟಿನಲ್ಲಿ ಕಟಕಟೆ ಹತ್ತಿದವರಿಗೆ ಈ ನಿಯಮ ಗೊತ್ತು, ಅದನ್ನು ಪಾಲಿಸುವುದು ಎಷ್ಟು ಕಷ್ಟ ಎಂದೂ ಗೊತ್ತು.

ಮೊದಲ ಸಾಕ್ಷಿ ಗೇಬ್ರಿಯಲ್ ಬೆಟರೆಜ್, ಎಪ್ಪತ್ತು ದಾಟಿದ, ಮನೆಯ ಪಾರುಪತ್ಯ ನೋಡಿಕೊಳ್ಳುವ ಹಳೆಯಾಳು. ಗುತ್ತಿನ ಮನೆಗಳನ್ನು ಬಲ್ಲವರಿಗೆ ಇಂಥ ಒಬ್ಬ ಮುದುಕನ ಪರಿಚಯ ಇದ್ದೇ ಇರುತ್ತದೆ: ಒಡೆಯರಿಗಿಂತ ಮನೆಯ ಮರ್ಯಾದೆಯ ಚಿಂತೆ ಅವನಿಗೇ ಜಾಸ್ತಿ. ಏನೇ ಕಷ್ಟ ಬಂದರೂ ‘ರಾಬಿನ್ಸನ್ ಕ್ರೂಸೋ’ ಪುಸ್ತಕವನ್ನು ಕಣ್ಣಿಗೆ ಬಿದ್ದ ಕಡೆ ತೆರೆದು ಉತ್ತರ ಹುಡುಕುತ್ತಾನೆ. ಅವನ ಮಾತು ಹರಟೆಮಯ, ಗಂಡಸಿನ ಜಂಭವೂ ತುಂಬ ಇದೆ, ಆದರೆ ನನಗೆ ಇಡೀ ಪುಸ್ತಕದಲ್ಲಿ ಅವನಷ್ಟು ಪ್ರೀತಿ ಬೇರೆಯವರ ಮೇಲೆ ಇಲ್ಲ. ಮಿಸ್ ಕ್ಲಾಕ್ ಎಂಬ ಬಡ ನೆಂಟಳಿದ್ದಾಳೆ, ಧರ್ಮೋಪದೇಶದ ಕಿರುಹೊತ್ತಗೆಗಳನ್ನು ಸಾಯುತ್ತಿರುವವರ ಮನೆಯಲ್ಲಿ ದಿಂಬಿನ ಕೆಳಗೂ ಹೂಕುಂಡದಲ್ಲೂ ತುರುಕುವವಳು. ಅವಳ ಭಾಗ ಓದಿ ನಗದಿದ್ದರೆ ವೈದ್ಯರನ್ನು ಕಾಣಬೇಕು. ವಕೀಲ ಬ್ರಫ್ ಒಳ್ಳೆಯವನು, ಅದಕ್ಕಿಂತ ಹೆಚ್ಚು ಹೇಳುವುದಕ್ಕಿಲ್ಲ.

ರೇಚಲ್ ವಿಚಿತ್ರ ನಾಯಕಿ. ಆ ರಾತ್ರಿ ವಜ್ರ ತೆಗೆದವನನ್ನು ಅವಳು ಕಣ್ಣಾರೆ ಕಂಡಿದ್ದಾಳೆ: ತಾನು ಪ್ರೀತಿಸುವ ಫ್ರಾಂಕ್ಲಿನ್ ಬ್ಲೇಕನನ್ನೇ. ಬಾಯಿ ಬಿಡುವುದಿಲ್ಲ. ಅವಳ ಆ ಮೌನ ಎಲ್ಲರ ಅನುಮಾನವನ್ನು ಅವಳ ಮೇಲೆಯೇ ಎಳೆದು ತರುತ್ತದೆ. ಕಳ್ಳನನ್ನು ಹುಡುಕಲು ಎಲ್ಲರಿಗಿಂತ ಹೆಚ್ಚು ಓಡಾಡುವವನೂ ಬ್ಲೇಕನೇ, ಏಕೆಂದರೆ ತೆಗೆದದ್ದು ಅವನಿಗೇ ಗೊತ್ತಿಲ್ಲ! ಊಟದ ಹೊತ್ತಿನಲ್ಲಿ ಡಾಕ್ಟರರ ವಿದ್ಯೆಯನ್ನು ಗೇಲಿ ಮಾಡಿದನೆಂದು ಡಾಕ್ಟರ್ ಕ್ಯಾಂಡಿ ಗುಟ್ಟಾಗಿ ಅವನಿಗೆ ಅಫೀಮು ಕುಡಿಸಿರುತ್ತಾನೆ. ಆ ಅಮಲಿನಲ್ಲಿ, ವಜ್ರ ಕಳವಾದೀತೆಂಬ ಕಳವಳದಲ್ಲಿ, ಅದನ್ನು ಜೋಪಾನ ಮಾಡಲೆಂದೇ ಎತ್ತಿಕೊಂಡಿರುತ್ತಾನೆ. ಕಾಲಿನ್ಸ್ ಸ್ವತಃ ಸಂಧಿವಾತದ ನೋವಿಗೆ ಅಫೀಮಿನ ದ್ರಾವಣ ಕುಡಿಯುತ್ತಲೇ ಇದನ್ನು ಬರೆದವನು, ಅದರ ಗುಣ ಅವನಿಗೆ ಬೇರೆಯವರು ಹೇಳಿಕೊಡಬೇಕಿರಲಿಲ್ಲ.

ಈಗ ನಾನು ನಿಧಾನಿಸಬೇಕಾದ ಇಬ್ಬರಿದ್ದಾರೆ. ರೊಸಾನ್ನಾ ಸ್ಪಿಯರ್‌ಮನ್ ಕೆಲಸದ ಹುಡುಗಿ, ಒಂದು ಭುಜ ಡೊಂಕು, ಹಿಂದೆ ಕಳ್ಳತನಕ್ಕೆ ಜೈಲು ಕಂಡವಳು. ಬ್ಲೇಕನ ಅಂಗಿಗೆ ಬಣ್ಣ ಮೆತ್ತಿದ್ದನ್ನು ಮೊದಲು ಕಂಡವಳು ಅವಳು. ಅಂದರೆ ಪ್ರಕರಣದ ಅರ್ಧವನ್ನು ಕಫ್‌ಗಿಂತ ಮೊದಲೇ ಬಿಡಿಸಿದವಳು. ಒಡೆಯರ ಮನೆಯ ಗಂಡಸನ್ನು ಪ್ರೀತಿಸುವ ಹಕ್ಕು ತನಗಿಲ್ಲವೆಂದು ಗೊತ್ತಿದ್ದೂ ಪ್ರೀತಿಸಿ, ಅಂಗಿಯನ್ನು ಸಮುದ್ರ ತೀರದ ಹೂಳುಮರಳಿನಲ್ಲಿ ಅಡಗಿಸಿ, ಅದೇ ಮರಳಿಗೆ ಇಳಿದು ಸಾಯುತ್ತಾಳೆ. ಬ್ಲೇಕ್ ಅವಳನ್ನು ಗಮನಿಸಿಯೇ ಇರಲಿಲ್ಲ. ಇನ್ನೊಬ್ಬ ಎಜ್ರಾ ಜೆನ್ನಿಂಗ್ಸ್, ಕ್ಯಾಂಡಿಯ ಸಹಾಯಕ. ತಾಯಿ ಬೇರೆ ಜನಾಂಗದವಳು, ಹುಟ್ಟಿದ್ದು ವಸಾಹತಿನಲ್ಲಿ, ಕೂದಲು ಪಟ್ಟೆಪಟ್ಟೆಯಾಗಿ ಕಪ್ಪು ಬಿಳುಪು. ಊರಿನವರು ಅವನ ಮುಖ ಕಂಡರೆ ಸರಿದು ನಿಲ್ಲುತ್ತಾರೆ. ಜ್ವರದಲ್ಲಿ ಕ್ಯಾಂಡಿ ಬಡಬಡಿಸಿದ ತುಂಡು ಮಾತುಗಳನ್ನು ಬರೆದಿಟ್ಟು, ನಡುವಿನ ಖಾಲಿ ಜಾಗಗಳನ್ನು ತುಂಬಿ, ಅಫೀಮಿನ ಗುಟ್ಟನ್ನು ಹೊರತೆಗೆಯುವವನು ಇವನು. 1849ರ ಜೂನಿನಲ್ಲಿ ಮನೆಯನ್ನು ಮೊದಲಿನಂತೆಯೇ ಸಜ್ಜುಗೊಳಿಸಿ, ಬ್ಲೇಕನಿಗೆ ಮತ್ತೆ ಅಫೀಮು ಕೊಟ್ಟು, ಸಾಕ್ಷಿಗಳ ಮುಂದೆ ಆ ರಾತ್ರಿಯನ್ನು ಪುನಃ ನಡೆಸುತ್ತಾನೆ. ತನಗೆ ಬಂದ ಸುಳ್ಳು ಆರೋಪವನ್ನು ಮಾತ್ರ ಕೊನೆಯವರೆಗೆ ತೊಳೆಯಲಾಗದೆ ಸಾಯುತ್ತಾನೆ.

ಕಳ್ಳ? ಗಾಡ್‌ಫ್ರಿ ಏಬಲ್‌ವೈಟ್. ಹೆಂಗಸರ ದಾನಧರ್ಮದ ಸಂಘಗಳಿಗೆಲ್ಲ ಬೇಕಾದವನು, ಸಭೆಗಳಲ್ಲಿ ಕಣ್ಣೀರು ತರಿಸುವ ಭಾಷಣಕಾರ. ನನ್ನಂತೆ ಮೈಕಿನ ಮುಂದೆ ನಿಲ್ಲುವವರು ಈ ಪಾತ್ರವನ್ನು ಸ್ವಲ್ಪ ಹುಷಾರಾಗಿ ಓದಬೇಕು. ತನಗೆ ಒಪ್ಪಿಸಿದ್ದ ಒಬ್ಬ ಎಳೆಯನ ಇಪ್ಪತ್ತು ಸಾವಿರ ಪೌಂಡನ್ನು ನುಂಗಿದವನು. ಅಮಲಿನಲ್ಲಿದ್ದ ಬ್ಲೇಕ್, ಬ್ಯಾಂಕಿನಲ್ಲಿಡು ಎಂದು ಕೈಗಿತ್ತ ವಜ್ರವನ್ನು ಇವನು ಅಡವಿಟ್ಟ.

ಉಳಿದವರು, ಶ್ರೀರಂಗಪಟ್ಟಣದಲ್ಲಿ ಸತ್ತ ಕಾವಲಿನವರ ನಂತರ ಅವರ ಜಾಗಕ್ಕೆ ಬಂದ ಮೂವರು ಬ್ರಾಹ್ಮಣರು. ಜಾದೂಗಾರರ ವೇಷದಲ್ಲಿ ಬರುತ್ತಾರೆ, ಒಬ್ಬ ಹುಡುಗನ ಅಂಗೈಗೆ ಶಾಯಿ ಸುರಿದು ವಜ್ರ ಎಲ್ಲಿದೆ ಎಂದು ಕೇಳುತ್ತಾರೆ. ಕಳೆದ ವಸ್ತುವಿಗೆ ಅಂಜನ ಹಾಕಿಸುವವರು ನಮ್ಮಲ್ಲಿ ಇನ್ನೂ ಇದ್ದಾರೆ, ಆದ್ದರಿಂದ ಯಾರ್ಕ್‌ಷೈರಿನವರು ಬೆರಗಾದಷ್ಟು ನಾವು ಬೆರಗಾಗಬೇಕಿಲ್ಲ. ವಜ್ರವನ್ನು ಇಂಗ್ಲಿಷರೆಲ್ಲ ಇಪ್ಪತ್ತು ಸಾವಿರ ಪೌಂಡು ಎಂದು ನೋಡುತ್ತಾರೆ. ಬೆಲೆ ಕಟ್ಟದವರು ಈ ಮೂವರು ಮಾತ್ರ. 2013ರ ಜುಲೈಯಲ್ಲಿ ಗುರುಬಸದಿಯ ಸಿದ್ಧಾಂತ ದರ್ಶನದ ರತ್ನವಿಗ್ರಹಗಳು ಕಳವಾದಾಗ ಮೂಡುಬಿದಿರೆಯವರಿಗೆ ಇದ್ದ ಸಂಕಟ ಕೋಟಿಗಳ ಲೆಕ್ಕದ್ದಾಗಿರಲಿಲ್ಲ ಎಂಬುದನ್ನು ನೆನೆದರೆ ಇವರು ಅರ್ಥವಾಗುತ್ತಾರೆ. ಸಮುದ್ರ ದಾಟಿ ಜಾತಿ ಕಳೆದುಕೊಂಡರು, ಗಾಡ್‌ಫ್ರಿಯ ಉಸಿರುಗಟ್ಟಿಸಿ ಕೊಂದರು, ವಜ್ರವನ್ನು ಸೋಮನಾಥಕ್ಕೆ ಮುಟ್ಟಿಸಿದರು. ಪ್ರಾಯಶ್ಚಿತ್ತಕ್ಕೆ ಮೂವರೂ ಮೂರು ದಿಕ್ಕಿಗೆ ಯಾತ್ರೆ ಹೊರಟರು, ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಕಾಲಿನ್ಸ್ ಅವರನ್ನು ಸಂತರನ್ನಾಗಿಸಿಲ್ಲ, ಕೊಲೆಗಾರರೆಂದು ಹೇಳಿಯೇ ಹೇಳುತ್ತಾನೆ. ಆದರೆ 1857ರ ದಂಗೆ ಶುರುವಾಗಿ ಹನ್ನೊಂದೇ ವರ್ಷವಾಗಿತ್ತು, ಭಾರತೀಯರೆಂದರೆ ಇಂಗ್ಲಿಷ್ ಪತ್ರಿಕೆಗಳು ಹಲ್ಲು ಕಡಿಯುತ್ತಿದ್ದ ಕಾಲ. ಆಗ, ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲೇ ಧಾರಾವಾಹಿಯಾಗಿ, ಅವರನ್ನು ಗೌರವದಿಂದ ಬೀಳ್ಕೊಟ್ಟ.

ಇಡೀ ಮನೆ, ಪೊಲೀಸರು, ವಕೀಲರು ಹುಡುಕಿದ್ದು ಎರಡನೆಯ ಕಳ್ಳತನವನ್ನು. ಮೊದಲನೆಯದು 1799ರಲ್ಲೇ ಆಗಿತ್ತು, ಅದಕ್ಕೆ ದೂರು ದಾಖಲಾಗಲಿಲ್ಲ. ಅದರ ತನಿಖೆ ಮಾಡಿದವರು, ಮಾಲು ವಾಪಸು ತಂದವರು ಈ ಮೂವರು. ನನ್ನ ಮಟ್ಟಿಗೆ ಈ ಕಾದಂಬರಿಯ ಪತ್ತೇದಾರರು ಇವರೇ, ಕಫ್ ಅಲ್ಲ. ನಿಜವಾದ ಶ್ರೀರಂಗಪಟ್ಟಣದಲ್ಲಿ ಇಂಥ ಮೂವರು ಹುಟ್ಟಲಿಲ್ಲ. ಟಿಪ್ಪುವಿನ ಸಿಂಹಾಸನದ ಚಿನ್ನದ ಹುಲಿತಲೆ ವಿಂಡ್ಸರ್ ಅರಮನೆಗೆ ಹೋಯಿತು, ಮರದ ಹುಲಿ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಟಿಕೆಟ್ಟಿಲ್ಲದೆ ನೋಡಲು ಸಿಗುತ್ತದೆ.

ಪುಸ್ತಕ ದಪ್ಪ ಇದೆ, ಹೆದರಬೇಡಿ. ಶ್ರೀರಂಗಪಟ್ಟಣದ ಆ ಮೊದಲ ನಾಲ್ಕಾರು ಪುಟಗಳನ್ನು ಪೀಠಿಕೆ ಎಂದು ಹಾರಿಸುವ ಚಾಳಿ ಓದುಗರಿಗಿದೆ, ದಯವಿಟ್ಟು ಹಾರಿಸಬೇಡಿ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು.