ಒತ್ತಡವೂ ಲೋಹದ ಸ್ಮೃತಿಯೂ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಬಗ್ಗಿಸಿದ ಕಬ್ಬಿಣದ ತಂತಿ ಬಗ್ಗಿದಂತೆಯೇ ಉಳಿಯುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಬಗ್ಗಿಸಿ ಬಿಸಿನೀರಿನಲ್ಲಿ ಅದ್ದಿದೊಡನೆ ಮೊದಲಿನ ರೂಪವನ್ನು ತಳೆಯುವ ಲೋಹವೂ ಉಂಟು. ನಿಕ್ಕಲ್ ಮತ್ತು ಟೈಟೇನಿಯಂ ಪರಮಾಣುಗಳು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಕೂಡಿದ ಈ ಮಿಶ್ರಲೋಹಕ್ಕೆ ನಿಟಿನಾಲ್ ಎಂದು ಹೆಸರು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೊಂದರಲ್ಲಿ ವಿಲಿಯಂ ಬ್ಯೂಲರ್ ಎಂಬ ಲೋಹವಿಜ್ಞಾನಿ 1959ರ ಸುಮಾರಿಗೆ ಇದರ ಶೋಧನೆಗೆ ತೊಡಗಿದರು. ಇದರ ಗುಣವನ್ನು ಆಕಾರಸ್ಮೃತಿ ಎನ್ನಬಹುದು.

ಈ ಸ್ಮೃತಿಯ ಮರ್ಮವೇನು? ಈ ಲೋಹದ ಪರಮಾಣುಗಳಿಗೆ ಎರಡು ಬಗೆಯ ಜೋಡಣೆಯುಂಟು. ಬಿಸಿಯಲ್ಲಿ ನೆಟ್ಟನೆಯ ಜೋಡಣೆ; ಅದು ಆಸ್ಟೆನೈಟ್. ತಂಪಿನಲ್ಲಿ ಓರೆಯಾದ ಜೋಡಣೆ, ಅದು ಮಾರ್ಟೆನ್ಸೈಟ್. ಶಾಲೆಯ ಕವಾಯತಿನಲ್ಲಿ ಮಕ್ಕಳ ಸಾಲುಗಳು ನೆರೆಯವರನ್ನು ಅಗಲದೆ ಒಟ್ಟಾಗಿ ವಾಲುವಂತೆ ಈ ರೂಪಾಂತರ ನಡೆಯುತ್ತದೆ. ನೆರೆ ಕೆಡದುದರಿಂದ ಹಿಂದಿರುಗುವ ದಾರಿಯೂ ಕೆಡುವುದಿಲ್ಲ.

ಇಂದು ನಾವು ಮುಖ್ಯವಾಗಿ ಹೇಳಬಯಸುವ ಸಂಗತಿ ಇದು: ತಂಪು ಮಾಡುವ ಕೆಲಸವನ್ನೇ ಒತ್ತಡವೂ ಮಾಡಬಲ್ಲದು. ತಂತಿಯನ್ನು ಎಳೆದಾಗ, ಎಳೆತದ ದಿಕ್ಕಿಗೆ ನೀಳವಾಗಬಲ್ಲ ಓರೆ ಜೋಡಣೆಯೇ ಪರಮಾಣುಗಳಿಗೆ ಅನುಕೂಲವಾಗುತ್ತದೆ. ಆದ್ದರಿಂದ ಬೆಚ್ಚಗಿರುವಾಗಲೂ ಮಾರ್ಟೆನ್ಸೈಟ್ ಹುಟ್ಟುತ್ತದೆ. ಒಂದು ಚದರ ಮಿಲಿಮೀಟರ್ ಅಡ್ಡಳತೆಯ ನಿಟಿನಾಲ್ ತಂತಿಗೆ 7 ಕಿಲೋಗ್ರಾಂ ತೂಕವನ್ನು ತೂಗಬಿಟ್ಟರೆ ರೂಪಾಂತರದ ಉಷ್ಣತೆ ಸುಮಾರು 10 ಡಿಗ್ರಿಯಷ್ಟು ಮೇಲೇರುತ್ತದೆ. ಎಳೆತವನ್ನು ತೆಗೆದರೆ ಜೋಡಣೆ ಮತ್ತೆ ನೆಟ್ಟಗಾಗಿ, ನೂರಕ್ಕೆ 8ರವರೆಗೆ ನೀಳವಾದ ತಂತಿಯೂ ಮೊದಲಿನಂತಾಗಬಲ್ಲದು. ಸಾಮಾನ್ಯ ಉಕ್ಕು ನೂರಕ್ಕೆ 1ರಷ್ಟನ್ನೂ ತಾಳಲಾರದು.

ಇದರಿಂದ ನಮಗೇನು ಎಂದು ಕೇಳಬಹುದು. ಹಲ್ಲು ಸಾಲುಗೂಡಲೆಂದು ಮಕ್ಕಳ ಬಾಯಿಗೆ ವೈದ್ಯರು ಕಟ್ಟುವ ತಂತಿ ಅನೇಕ ವೇಳೆ ಇದೇ ಲೋಹದ್ದು. ಹಲ್ಲು ಸರಿದಂತೆ ರೂಪಾಂತರ ಮೆಲ್ಲಗೆ ಹಿಂದಿರುಗುವುದರಿಂದ ತಂತಿಯ ಬಲ ಬಹುಮಟ್ಟಿಗೆ ಒಂದೇ ಸಮನಾಗಿರುತ್ತದೆ. ಕಾಲಿನ ರಕ್ತನಾಳ ಕಿರಿದಾದ ಹಿರಿಯರಿಗೆ ಇಡುವ ಜಾಲರಿಯ ಕೊಳವೆಯೂ ಹಾಗೆಯೇ. ಅದನ್ನು ಅದುಮಿ ಸಣ್ಣ ನಳಿಗೆಯೊಳಗೆ ಸೇರಿಸಿರುತ್ತಾರೆ. ಮೈಯ 37 ಡಿಗ್ರಿ ಬಿಸಿ ತಾಕಿದರೂ ಒತ್ತಡವಿರುವ ತನಕ ಅದು ಅರಳದು. ನಳಿಗೆಯಿಂದ ಹೊರಬಂದೊಡನೆ ಅರಳಿ ನಾಳವನ್ನು ತೆರೆದು ಹಿಡಿಯುತ್ತದೆ.

ಆದರೆ ಸ್ಮೃತಿಗೂ ಮಿತಿಯುಂಟು. ಎಳೆತ ಮೇರೆ ಮೀರಿದರೆ ಪರಮಾಣುಗಳು ನೆರೆಯನ್ನೇ ಬಿಟ್ಟು ಜಾರುತ್ತವೆ. ಆಗ ಪೂರ್ವರೂಪ ಪೂರ್ತಿಯಾಗಿ ಮರಳದು. ಮಿತಿಯೊಳಗಿನ ಒತ್ತಡವೂ ಲಕ್ಷಾಂತರ ಸಲ ಮರುಕಳಿಸಿದರೆ ಲೋಹ ದಣಿದು ಬಿರುಕು ಬಿಡಬಹುದು. ಕಾಲಿನೊಳಗಿನ ಜಾಲರಿ ಹೆಜ್ಜೆಹೆಜ್ಜೆಗೂ ಬಾಗುತ್ತದೆ. ಅಂಥ ಜಾಲರಿಗಳು ಮುರಿದುದೂ ಉಂಟು. ಆದ್ದರಿಂದ ವೈದ್ಯರು ಮರುಪರೀಕ್ಷೆಗೆ ಬರಹೇಳಿದ ದಿನವನ್ನು ನೋವಿಲ್ಲವೆಂಬ ಕಾರಣಕ್ಕೆ ತಪ್ಪಿಸಬಾರದೆಂದು ವಿನಂತಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.